ಬ್ಯಾಟರಿ ಹೀರುವ ಭೂತ

"ಇವತ್ತು ಸಂಜೆಯೊಳಗೆ ಆ ಭೂತವನ್ನ ಹಿಡಿದು ಬಾಟಲಿಗೆ ತುಂಬದಿದ್ರೆ ನನ್ನ ಹೆಸರು ಬದಲಾಯಿಸು!" ಎಂದು ಅಳಿಯರಾಯ ಹೆಂಡತಿಯ ಮುಂದೆ ಶಪಥ ಮಾಡಿದ.

"ಹೆಸರು ಆಮೇಲಾಯ್ತು, ಮೊದಲು ಬ್ಯಾಟರಿ ಬದಲಾಯಿಸ್ರೀ."

"ಬ್ಯಾಟರಿ ಹೊಸದು ಕಣೇ! ಯಾರೋ ಅದರ ರಕ್ತ ಹೀರ್ತಿದ್ದಾರೆ!"

ಅಳಿಯರಾಯನದು ಕನ್ನಡಕದ ಅಂಗಡಿ. ಕಾರು ಮಾತ್ರ ಮಾವನದು. ಹೆಂಡತಿಗಿಂತ ವಯಸ್ಸಿನಲ್ಲಿ ದೊಡ್ಡದು. ಉಬ್ಬಿದ ಕೆನ್ನೆ, ದುಂಡು ಕಣ್ಣು, ಶೆಡ್ಡಿನ ನೆರಳಿನಲ್ಲಿ ಸದಾ ತಣ್ಣಗಿರುವ ಮೈ. ಮಾವ ತೀರಿಕೊಂಡ ಮೇಲೆ ಕಾರೂ ಅತ್ತೆಯೂ ಒಟ್ಟಿಗೇ ಈ ಮನೆಗೆ ಬಂದಿದ್ದರು. ಅಂದಿನಿಂದ ಇದೇ ಪಾಡು: ಬ್ಯಾಟರಿ ಚಾರ್ಜು ಮಾಡಿಸಿ ಶೆಡ್ಡಿನಲ್ಲಿ ನಿಲ್ಲಿಸಿದರೆ, ಮತ್ತೆ ಕೀಲಿ ತಿರುಗಿಸುವ ಹೊತ್ತಿಗೆ ಬರೀ "ಟಿಕ್!"

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಒಂದು ಸಲ ಬಾಗಿಲು ತೆರೆದಾಗ ಯಾರೂ ಕೂರದ ಸೀಟು ಬೆಚ್ಚಗಿತ್ತು. ಇನ್ನೊಂದು ಸಲ, ಹಿಂದಿನ ದಾರಿ ತೋರಿಸಬೇಕಾದ ಕನ್ನಡಿ ತಿರುಗಿಕೊಂಡು ಪಕ್ಕದ ಸೀಟನ್ನೇ ದಿಟ್ಟಿಸುತ್ತಿತ್ತು. ಮತ್ತೊಂದು ಸಂಜೆ ಕಾರಿನ ಒಳಗಿನಿಂದ ಯಾರೋ ಬಾಯಿ ಮುಚ್ಚಿಕೊಂಡು ಗುನುಗಿದಂತೆ ಸಣ್ಣ "ಊಂ..." ಕೇಳಿಸಿತು. ಅವನು ಶೆಡ್ಡಿನ ಬಾಗಿಲು ಹಾಕಿಕೊಂಡು, ಓಡಲಿಲ್ಲ, ಸ್ವಲ್ಪ ಬೇಗ ನಡೆದ.

"ಅಪ್ಪನಿಗೆ ಆ ಕಾರು ಅಂದ್ರೆ ಪ್ರಾಣ. ಪ್ರಾಣ ಹೋದ್ಮೇಲೂ ಬಿಟ್ಟಿಲ್ಲ ಅನ್ಸುತ್ತೆ," ಎಂದಿದ್ದಳು ಹೆಂಡತಿ.

ಅಂಗಡಿಗೆ ರಜೆಯಿದ್ದ ಆ ದಿನ ಹೆಂಡತಿ ಅಕ್ಕನ ಮನೆಗೆ ಹೊರಟಳು. ಅಳಿಯರಾಯ ಬಾನೆಟ್ ಎತ್ತಿ, ಆಗಷ್ಟೇ ಚಾರ್ಜು ಮಾಡಿಸಿ ತಂದಿದ್ದ ಬ್ಯಾಟರಿಯ ಒಂದು ವಯರು ಬಿಚ್ಚಿ, ನಡುವೆ ಪುಟ್ಟ ಬಲ್ಬೊಂದನ್ನು ಸಿಕ್ಕಿಸಿದ. ಕಾರಿನಲ್ಲಿ ಎಲ್ಲವೂ ಆರಿದ್ದರೆ ಬಲ್ಬು ಹತ್ತಬಾರದು. ಹತ್ತಿತು! ನಿದ್ದೆಯಲ್ಲಿದ್ದವರು ಅರೆಗಣ್ಣು ತೆರೆದ ಹಾಗೆ.

"ಸಿಕ್ಕಿಬಿದ್ದೆ ಕಳ್ಳಾ!" ಎಂದು ಫ್ಯೂಸುಗಳನ್ನು ಒಂದೊಂದಾಗಿ ಕೀಳತೊಡಗಿದ. ಯಾವುದನ್ನು ಕಿತ್ತಾಗ ಬಲ್ಬು ಆರುತ್ತದೋ ಅದೇ ದಾರಿಯಲ್ಲಿ ಕಳ್ಳ. ಹೆಡ್‌ಲೈಟಿನದು ಕಿತ್ತ, ಆರಲಿಲ್ಲ. ಹಾರ್ನಿನದು ಕಿತ್ತ, ಆರಲಿಲ್ಲ. ಕೊನೆಗೆ ಎಲ್ಲ ಫ್ಯೂಸುಗಳೂ ಅವನ ಅಂಗೈಗೆ ಬಂದವು. ಬಲ್ಬು ಮಾತ್ರ ಅವನನ್ನೇ ನೋಡುತ್ತ ಉರಿಯುತ್ತಿತ್ತು. ಮಟಮಟ ಮಧ್ಯಾಹ್ನವಾದರೂ ಅವನು ಒಂದು ಹೆಜ್ಜೆ ಹಿಂದೆ ಸರಿದ.

ಆಗ ಹೊಳೆಯಿತು: ಡಿಕ್ಕಿಯ ದೀಪ! ಅದಕ್ಕೆ ಫ್ಯೂಸೇ ಇಲ್ಲದಿರಬಹುದು. ಮುಚ್ಚಳ ಮುಚ್ಚಿದ ಮೇಲೆ ಅದು ನಿಜವಾಗಿ ಆರುತ್ತದೆಯೇ? ಹೊರಗೆ ನಿಂತು ಅದನ್ನು ಕಂಡವರುಂಟೆ? ಫ್ಯೂಸು, ವಯರು ಎಲ್ಲವನ್ನೂ ಮತ್ತೆ ಜೋಡಿಸಿ, ಡಿಕ್ಕಿಯೊಳಗೆ ಮುದುಡಿಕೊಂಡು, ಮುಚ್ಚಳವನ್ನು ಒಳಗಿನಿಂದ ಮೆಲ್ಲಗೆ ಎಳೆದುಕೊಂಡ. ಬೆರಳು ಜಾರಿತು.

ಟಪ್!

ದೀಪ ಆರಿತು. ದೀಪ ನಿರಪರಾಧಿ! ಆದರೆ ಆ ಮಹಾಸತ್ಯವನ್ನು ಲೋಕಕ್ಕೆ ಸಾರಲು ಒಳಗಿನಿಂದ ಚಿಲಕವಿರಲಿಲ್ಲ.

ಕೂಗಬೇಕು ಎನ್ನುವಷ್ಟರಲ್ಲಿ ಶೆಡ್ಡಿನ ಬಾಗಿಲು ಕಿರುಗುಟ್ಟಿತು. ಎಳೆದೆಳೆದು ಇಡುವ ಹೆಜ್ಜೆ. ಕಾರಿನ ಬಾಗಿಲು ತೆರೆಯಿತು. ಸೀಟಿನ ಸ್ಪ್ರಿಂಗು ನರಳಿತು. ಕನ್ನಡಿ ಕಿರ್ರೆಂದು ತಿರುಗಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅದೇ "ಊಂ..." ಅದರ ಮೇಲೊಂದು ಪಿಸುದನಿ:

"ಬಂದೆ ಕಣ್ರೀ."

ಅಳಿಯರಾಯ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ದನಿ ಅತ್ತೆಯದು ಎಂದು ಗೊತ್ತಾಗಿ, ಹೋದ ಜೀವ ಬಂದಿತಾದರೂ, ಬಂದ ಜೀವಕ್ಕೆ ಮುಂದಿನ ಮಾತು ಕೇಳುವ ಕರ್ಮವಿತ್ತು.

"ಅಳಿಯಂದಿರು ಬೆಳಗಿಂದ ನಿಮ್ಮ ಕಾರಿನ ಹೊಟ್ಟೆ ಬಗೀತಿದ್ರು. ಈಗ ಎಲ್ಲಿಗೋ ಮಾಯ. ಊರವರ ಕಣ್ಣೆಲ್ಲ ಪರೀಕ್ಷೆ ಮಾಡ್ತಾರೆ, ಅಂಗೈ ಹುಣ್ಣಿಗೂ ಅವರಿಗೆ ಕನ್ನಡಿ ಬೇಕು!"

ರೋಷಕ್ಕೆ ಮೊಣಕಾಲು ಅದುರಿ ತಗಡಿಗೆ ಬಡಿಯಿತು. ಧಡ್!

ಅತ್ತೆಯ ಮಾತು ನಿಂತಿತು. "ರೀ... ನೀವಾ?"

ಆ ದನಿಯಲ್ಲಿದ್ದ ಆಸೆ ಕೇಳಿ, 'ಅಲ್ಲ, ನಾನು' ಎನ್ನಲು ಅವನಿಗೆ ಮನಸ್ಸಾಗಲಿಲ್ಲ. ಬುದ್ಧಿ ಅಡ್ಡದಾರಿ ಹಿಡಿಯಿತು. ಗಂಟಲು ದಪ್ಪ ಮಾಡಿಕೊಂಡು, "ಹೂಂ..." ಎಂದ.

"ಎಲ್ಲಿದ್ದೀರಿ?"

"ಕತ್ತಲಲ್ಲಿ..."

"ಅಲ್ಲಿ ಹೇಗಿದೆ?"

"ಬಹಳ ಸೆಖೆ..."

"ಅಯ್ಯೋ! ಹಾಗಾದ್ರೆ ಎಲ್ಲಿಗೆ ಹೋದ್ರಿ ಅಂತ ಗೊತ್ತಾಯ್ತು ಬಿಡಿ. ಈ ಅಳಿಯಂದಿರ ಬಗ್ಗೆ ಏನಂತೀರಿ?"

ಅಲ್ಲೇ ಅವನು ಎಡವಿದ. "ಅಳಿಯ ಅಪ್ಪಟ ಚಿನ್ನ! ಅಂಥವನನ್ನ ಬೈಬೇಡ. ಮೊದಲು ಡಿಕ್ಕಿ ತೆಗಿ!"

ಕಾರಿನ ಬಾಗಿಲು ಮತ್ತೆ ತೆರೆಯಿತು. ಹೆಜ್ಜೆಗಳು ಕಾರಿನ ಸುತ್ತ ಬಂದು ಅವನ ತಲೆಯ ಹತ್ತಿರ ನಿಂತವು. ಮುಚ್ಚಳ ಮೇಲೆದ್ದಿತು.

"ನಮ್ಮ ಯಜಮಾನ್ರು ಬದುಕಿದ್ದಷ್ಟು ದಿನ ನಿಮ್ಮನ್ನ ಒಂದು ಸಲಾನೂ ಹೊಗಳಿದವರಲ್ಲ," ಎಂದರು ಅತ್ತೆ. "ಸತ್ತ ಮಾತ್ರಕ್ಕೆ ಬುದ್ಧಿ ಕೆಡುತ್ತಾ? ಏಳಿ ಅಳಿಯಂದಿರೇ."

ಕಾಲು ಜೋಮು ಹಿಡಿದವನನ್ನು ಅವರೇ ಎಬ್ಬಿಸಿ ಕೂರಿಸಿದರು. ವಿಷಯ ಹೊರಬಿತ್ತು. ಮಧ್ಯಾಹ್ನಗಳಲ್ಲಿ ಅವರು ಗಂಡ ಕೂರುತ್ತಿದ್ದ ಸೀಟಿನ ಪಕ್ಕ ಕೂತು, ಕನ್ನಡಿಯನ್ನು ತಮ್ಮತ್ತ ತಿರುಗಿಸಿಕೊಂಡು ಹಳೆಯ ರೇಡಿಯೋ ಕೇಳುತ್ತಿದ್ದರು. ಆ ರೇಡಿಯೋಗೆ ಮಾವ ಯಾವ ಫ್ಯೂಸನ್ನೂ ದಾಟಿಸದೆ ಬ್ಯಾಟರಿಯಿಂದಲೇ ವಯರು ಎಳೆದಿದ್ದರು.

"ಕೇಳಿ ಆದ ಮೇಲೆ ರೇಡಿಯೋ ಆರಿಸ್ತೀರಾ ಅತ್ತೆ?"

"ದನಿ ಪೂರ್ತಿ ಇಳಿಸ್ತೀನಲ್ಲಪ್ಪ, ಬರೀ 'ಊಂ' ಅಂತಿರುತ್ತೆ ಅಷ್ಟೆ! ಆರಿಸಿದ್ರೆ ಅವರನ್ನ ಕತ್ತಲಲ್ಲಿ ಬಿಟ್ಟು ಹೋದ ಹಾಗಲ್ವಾ?"

ಅಳಿಯರಾಯ ಕನ್ನಡಕ ತೆಗೆದು ಒರೆಸಿಕೊಂಡ. ಗಾಜಿನ ಮೇಲೆ ಧೂಳೇನೂ ಇರಲಿಲ್ಲ. ಮರುದಿನವೇ ಶೆಡ್ಡಿಗೆ ಚಾರ್ಜರ್ ತಂದು, ಕಾರು ನಿಂತಿರುವಷ್ಟು ಹೊತ್ತೂ ಬ್ಯಾಟರಿ ತುಂಬುತ್ತಲೇ ಇರುವಂತೆ ಜೋಡಿಸಿದ. ಊಟ ಮುಗಿಸಿ ಅಂಗಡಿಗೆ ಹೊರಡುವಾಗ ಶೆಡ್ಡಿನೊಳಗಿನಿಂದ ಅತ್ತೆಯ ದನಿ ಕೇಳಿಸಿತು. ಹೆಮ್ಮೆಯಿಂದ ಕಿವಿಗೊಟ್ಟ.

"ರೀ, ಅಳಿಯಂದಿರು ಚಾರ್ಜರ್ ಹಾಕಿಸಿದ್ದಾರೆ. ಇಷ್ಟು ದಿನ ಅವರ ವಿಷಯ ಅರ್ಧ ಹೇಳೋಷ್ಟರಲ್ಲಿ ರೇಡಿಯೋ ಸತ್ತುಹೋಗ್ತಿತ್ತು. ಇವತ್ತು ಮೊದಲಿಂದ ಹೇಳ್ತೀನಿ, ಕೇಳಿ!"