ಲೋಬಾನದ ಎಣ್ಣೆಯ ಗಸಿ

ಈ ಮಹಾಲಿಂಗಪ್ಪ ಮನಸ್ಸು ಮಾಡಿದರೆ ಬಂಡೆಗಲ್ಲಿನ ಮೇಲೂ ಜೋಳ ಬೆಳೆದಾನು, ತಲೆ ಯಾವ ಲೆಕ್ಕ! ೧೯೫೮ರ ಯುಗಾದಿಯಂದು ಚಿಕ್ಕೇರೂರಿನ ಮಾವನ ಮನೆಯ ಪಡಸಾಲೆಯಲ್ಲಿ ನಿಂತು ನಾನು ಹೀಗೆ ಗುಡುಗಿದೆ. ಗುಡುಗಿಸಿದವನು ನನ್ನ ಷಡ್ಡಕ ಗುದ್ಲೆಪ್ಪ. ಅವನ ತಲೆಯಲ್ಲಿ ಬಾಚಣಿಗೆ ಸಿಕ್ಕಿಕೊಂಡರೆ ಹುಡುಕಲು ಇಬ್ಬರು ಆಳು ಬೇಕು!

"ಯಾಕ ಅಣ್ಣಾರ, ಊಟಕ್ಕ ಕುಂತಾಗೂ ರುಮಾಲ ತಗಿಯೂದಿಲ್ಲಲ್ಲ! ಒಳಗ ಏನರ ಬಂಗಾರ ಇಟ್ಟೀರೇನು?" ಎಂದ.

ಎಲ್ಲರೂ ನಕ್ಕರು. ಎಲ್ಲರಿಗಿಂತ ಮೊದಲು ನಕ್ಕವಳು ನನ್ನ ಹೆಂಡತಿ ಸುಶೀಲವ್ವ. ನನಗೆ ಉರಿದುಹೋಯಿತು.

"ಬಸವಜಯಂತಿಗೆ ಇಲ್ಲೇ ರುಮಾಲ ತಗದು ಕೂದಲ ತೋರಸ್ತೇನಿ. ಇಲ್ಲಂದ್ರ ಈ ಮೀಸಿ ಬೋಳಿಸ್ಕೋತೇನಿ!"

ಆಡಿದ ಮೇಲೆ ಕೈ ತಾನಾಗಿ ಮೀಸೆಗೆ ಹೋಯಿತು. ನನ್ನ ಮುಖದಲ್ಲಿ ನೋಡುವಂಥದ್ದು ಮೀಸೆಯೊಂದೇ. ಅದು ಹೋದರೆ ಶಿಗ್ಗಾಂವದ ಕಾಳಿನ ಪೇಟೆಯಲ್ಲಿ ನನಗೆ ನಮಸ್ಕಾರ ಹೇಳುವವರು ಯಾರು?

ಮರುದಿನವೇ ಸವಣೂರಿಗೆ ಓಡಿದೆ. ಅಲ್ಲಿ ಅತ್ತರು ಮಾರುವ ಮುದುಕಿ ಜನ್ನತಬಿ ಒಂದು ಬಾಟಲಿ ಕೊಟ್ಟಳು. ಧೂಪ ಹಾಕುವ ಲೋಬಾನದ ಎಣ್ಣೆ!

"ಮ್ಯಾಲಿನ ತಿಳಿ ಹತ್ತು ಹನಿ ಕೊಬ್ಬರಿ ಎಣ್ಣ್ಯಾಗ ಕಲಸಿ ಹಚ್ಚ್ರಿ. ತಳದಾಗಿನ ಗಸಿ ಮುಟ್ಟಬ್ಯಾಡ್ರಿ, ಅದು ಬರೇ ಅಂಟು."

ಹಚ್ಚಿದೆ. ನಾಲ್ಕು ವಾರ ಬೆಳಿಗ್ಗೆ, ಸಂಜೆ ಹಚ್ಚಿದೆ. ಫಲ? ನಾನು ಪೇಟೆಗೆ ಕಾಲಿಟ್ಟರೆ ಸಾಕು, ಧೂಪದ ವಾಸನೆಗೆ ಹಮಾಲರು ಚೀಲ ಇಳಿಸಿ ಕೈಮುಗಿಯತೊಡಗಿದರು! ತಲೆಯಲ್ಲಿ ಮಾತ್ರ ಇದ್ದ ನಲವತ್ತು ಕೂದಲು ನಲವತ್ತೇ ಉಳಿದವು. ಸುಶೀಲವ್ವನೇ ಎಣಿಸಿ ಹೇಳಿದಳು.

ಬಸವಜಯಂತಿಯ ಬೆಳಗು ಬಂದೇಬಿಟ್ಟಿತು. ಬಾಟಲಿಯಲ್ಲಿ ಗಸಿಯೊಂದೇ ಉಳಿದಿತ್ತು.

"ತುಪ್ಪದಾಗ ರುಚಿ ಎಲ್ಲಿರತೈತಿ? ಗಸಿಯಾಗ! ಎಣ್ಣಿಯ ಗುಣಾನೂ ಅಲ್ಲೇ ಇರತೈತಿ" ಎಂದೆ.

"ಆ ಮುದುಕಿ ಬ್ಯಾಡ ಅಂದಾಳ್ರಿ!" ಎಂದಳು ಸುಶೀಲವ್ವ.

"ಗಿಡದಿಂದ ಬಂದದ್ದು ಏನ ಕೇಡ ಮಾಡತೈತಿ?"

ಬಾಟಲಿ ಬಗ್ಗಿಸಿ, ಕಡ್ಡಿಯಿಂದ ಕೆರೆದು, ಪೂರ್ತಿ ಗಸಿ ತಲೆಗೆ ಮೆತ್ತಿ, ಮೇಲೆ ಬಿಳಿ ರುಮಾಲು ಸುತ್ತಿ ಬಸ್ಸು ಹತ್ತಿದೆ. ಬಿಸಿಲಿಗೆ ಗಸಿ ಕರಗಿ ರುಮಾಲಿಗಿಳಿಯಿತು. ಮಾವನ ಮನೆಯ ತಂಪು ಪಡಸಾಲೆಯಲ್ಲಿ ಕುಳಿತು ಎರಡು ತಂಬಿಗೆ ಮಜ್ಜಿಗೆ ಕುಡಿಯುವಷ್ಟರಲ್ಲಿ ಬಿಗಿದುಕೊಂಡಿತು.

"ಹೂಂ, ತಗೀರಿ!" ಎಂದ ಗುದ್ಲೆಪ್ಪ.

ಎತ್ತಿದೆ. ರುಮಾಲು ಬರಲಿಲ್ಲ, ಹುಬ್ಬು ಮೇಲೆ ಬಂದವು!

"ನಾಟಕ ಬ್ಯಾಡ್ರಿ!"

"ನಾಟಕಲ್ಲೋ ಮಾರಾಯಾ, ಅಂಟೇತಿ!"

ಮಾವ ನಾಗಪ್ಪನವರು ನನ್ನ ಸೊಂಟ ಹಿಡಿದರು. ಗುದ್ಲೆಪ್ಪ ರುಮಾಲು ಹಿಡಿದ. "ನಾ ಕಾಲು ಹಿಡದೇನಿ, ಜಗ್ಗ್ರಿ!" ಎಂದಳು ಸುಶೀಲವ್ವ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವಳು ನನ್ನ ಕಾಲು ಹಿಡಿದದ್ದು ಅದೇ ಮೊದಲು!

ಪರ್‌ರ್ರ್!

ಗುದ್ಲೆಪ್ಪ ರುಮಾಲಿನ ಸಮೇತ ಹಿಂದಿದ್ದ ಹೊಟ್ಟಿನ ಚೀಲದ ಮೇಲೆ ಬಿದ್ದ. ನಾನು ಎರಡೂ ಕೈಯಿಂದ ತಲೆ ಸವರಿಕೊಂಡೆ. ಅಯ್ಯೋ ಶಿವನೇ! ತಾಮ್ರದ ಕೊಡ! ನನ್ನ ನಲವತ್ತು ಮಕ್ಕಳಲ್ಲಿ ಒಂದೂ ಉಳಿದಿರಲಿಲ್ಲ.

"ತರ್ರಿ ಕತ್ತಿ!" ಎಂದು ಗುದ್ಲೆಪ್ಪ ಬಿದ್ದಲ್ಲಿಂದಲೇ ಕೂಗಿದ.

ಆಗ ನನ್ನ ಸುಶೀಲವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. "ರುಮಾಲ ತಗದು ಕೂದಲ ತೋರಸ್ತೇನಿ ಅಂದಿದ್ರು. ರುಮಾಲ ತಗದಾತು. ಕೂದಲ ಅಗೋ, ಅದರೊಳಗ ಅಂಟ್ಯಾವು. ನಲವತ್ತು. ಬೇಕಾದ್ರ ಎಣಸ್ಕೋ! ತಲಿಮ್ಯಾಲೇ ಇರಬೇಕಂತ ಯಾರ ಅಂದಿದ್ರು?"

ಮಾವನವರು ಬಿದ್ದು ಬಿದ್ದು ನಕ್ಕು, "ಮೀಸಿ ಉಳೀತು ಬಿಡ್ರಿ" ಎಂದು ತೀರ್ಪು ಕೊಟ್ಟರು. ನನಗೆ ಹೆಂಡತಿಯ ಮೇಲೆ ಎಂದಿಲ್ಲದ ಪ್ರೀತಿ ಉಕ್ಕಿತು.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತೆ. ತಂಪು ಗಾಳಿ ಬೋಳುತಲೆಗೆ ಹಿತವಾಗಿತ್ತು. ಇನ್ನೂ ಜಿಗುಟಾಗಿದ್ದ ತಲೆ ಸವರಿ, ಗೆದ್ದವನ ಗತ್ತಿನಲ್ಲಿ ಎರಡೂ ಕೈಯಿಂದ ಮೀಸೆ ತಿರುವಿದೆ. ಹಾನಗಲ್ಲಿನವರೆಗೂ ತಿರುವಿದೆ. ಆಮೇಲೆ ಕೈ ಇಳಿಸಲು ಹೋದರೆ... ಇಳಿಯಲೊಲ್ಲವು!

ಶಿಗ್ಗಾಂವದಲ್ಲಿ ಸುಶೀಲವ್ವನ ಜೊತೆ ಇಳಿದು, ಎರಡೂ ಕೈ ಮೂಗಿನ ಕೆಳಗಿಟ್ಟುಕೊಂಡೇ ನೆಟ್ಟಗೆ ಹಡಪದ ನೀಲಪ್ಪನ ಕ್ಷೌರದ ಅಂಗಡಿಗೆ ಹೋದೆ. ಅವನು ದೀಪ ಹಿಡಿದು, ಸುತ್ತಲೂ ತಿರುಗಿ ನೋಡಿ, ಕತ್ತಿ ಮಸೆಯುತ್ತ ಕೇಳಿದ:

"ಯಾವುದನ್ನ ತಗೀಲಿ ಅಕ್ಕಾರ? ಬೆರಳೋ, ಮೀಸಿಯೋ?"

ಸುಶೀಲವ್ವ ನಿಟ್ಟುಸಿರು ಬಿಟ್ಟಳು. "ಬೆರಳು ಇರ್ಲಿ ಬಿಡೋ ಯಪ್ಪಾ, ಉಣ್ಣಾಕ ಬೇಕಾಗತಾವು."