ಗಾಳಿಗುಡ್ಡದ ಕೆಳಗೆ ಬೀಗಿತ್ತಿಗೆ ಚಹಾ

ಮಾತು ಕಡಿಮೆ ಇರುವವರು ಜಾಣರು ಎಂದು ಜನ ತಿಳಿಯುತ್ತಾರೆ. ನನ್ನ ವಿಷಯದಲ್ಲಿ ಅದು ಸುಳ್ಳು, ಮಕ್ಕಳೇ. ನನಗಿರುವುದು ಬರೀ ನಾಚಿಕೆ. ಬೀಗರು ಬಂದರೆ ಈಗಲೂ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ತಟ್ಟೆಯನ್ನಷ್ಟೇ ಮುಂದಕ್ಕೆ ಚಾಚುವವಳು. "ಈಕಿ ಮನ್ಯಾಗ ಅದಾಳಂತ ಚಾ ಬಂದ ಮ್ಯಾಲೇ ಗೊತ್ತಾಗೋದು" ಎಂದು ನಿಮ್ಮ ತಾತ ನಗುತ್ತಿದ್ದರು.

ಇಂಥ ನಾನು ಈ ಆಷಾಢದಲ್ಲಿ ಬಾಯಿ ತೆರೆದು ಸಿಕ್ಕಿಬಿದ್ದೆ. ನಿಮ್ಮ ತಾಯಿಯ ತಾಯಿ, ಹರಪನಹಳ್ಳಿಯ ಬಸಮ್ಮ, ನಮ್ಮ ಶೇಂಗಾ ಹೊಲ ನೋಡಲು ಬಂದಿದ್ದರು. ಅವರು ತಮ್ಮ ಓಣಿಗೆಲ್ಲ ಹೇಳುವುದು ಒಂದೇ ಮಾತು: "ನಮ್ಮ ಬೀಗಿತ್ತಿ ಪಾಪದಾಕಿ. ಬಾಯೀನೂ ಇಲ್ಲ, ಕೈಲೆ ಏನೂ ಆಗಂಗಿಲ್ಲ." ಹೊಲಕ್ಕೆ ಹೊರಡುವಾಗ ನಿಮ್ಮಪ್ಪ ಕೊಟ್ರೇಶ ಚಹಾದ ಫ್ಲಾಸ್ಕ್ ಎತ್ತಿಕೊಂಡ. ಅದೇನಾಯಿತೋ, ನನ್ನ ಬಾಯಿಂದ ಬಂದೇಬಿಟ್ಟಿತು: "ಅದು ಬ್ಯಾಡ. ಹೊಲದಾಗ ಬಿಸಿ ಬಿಸಿ ಚಾ ನಾನೇ ಕಾಸ್ತೀನಿ."

ನಮ್ಮ ಹೊಲ ಇರುವುದು ಕೂಡ್ಲಿಗಿ ಕಡೆಯ ಬೋಳುಗುಡ್ಡದ ಕೆಳಗೆ. ಗಾಳಿ ಜೋರು ಎಂದೇ ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರ ನಿಲ್ಲಿಸಿದ್ದಾರೆ. ಅಂಥಲ್ಲಿ ನಾನು ಮೂರು ಕಲ್ಲಿಟ್ಟು ಕಡ್ಡಿ ಗೀರಿದೆ. ಸದ್ದು ಕೇಳಿತು, ಬೆಂಕಿ ಕಾಣಲಿಲ್ಲ. ಕೊಟ್ರೇಶ ಒಲೆಯ ಬಾಯಿಯನ್ನು ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ. ಗಾಳಿಯೂ ಜೊತೆಗೇ ತಿರುಗಿತು. ಬಸಮ್ಮ ಹಾರುವ ಸೆರಗನ್ನು ಹಿಡಿದುಕೊಂಡು, "ಚಾ ಬಿಡ್ರಿ ಬೀಗಿತ್ತಿ, ಹೊಟ್ಟಿ ತುಂಬ ಗಾಳಿ ಕುಡಿಸೀರಿ. ಬಸ್ ಬರೋ ಹೊತ್ತಾತು" ಎಂದರು. ಹೀಗೇ ಹೊರಟರೆ ಹರಪನಹಳ್ಳಿ ತುಂಬ ನನ್ನದೇ ಸುದ್ದಿ. ಗೀರಿ ಗೀರಿ ಕಡ್ಡಿಪೆಟ್ಟಿಗೆಯಲ್ಲಿ ಉಳಿದದ್ದು ಒಂದೇ ಕಡ್ಡಿ.

ಅಳು ಬಂತು, ಅದಕ್ಕಿಂತ ಮೊದಲು ನಾಚಿಕೆ ಬಂತು. ಅಡಗಿಕೊಳ್ಳಲು ಹೊಲದಲ್ಲಿ ಬಾಗಿಲೆಲ್ಲಿದೆ? ನನ್ನ ತವರಿನವರು ಕುರಿ ಸಾಕುವವರು. ಅವರು ಕೊಟ್ಟ ಕರಿಕಂಬಳಿಯನ್ನು ಕೂರಲು ಹಾಸಿದ್ದೆವು. ಅದನ್ನೇ ಎಳೆದು ತಲೆಯ ಮೇಲೆ ಹೊದ್ದು, ಒಲೆಯ ಮೇಲೆ ಬಾಗಿ ಕುಳಿತುಬಿಟ್ಟೆ. ಒಳಗೆ ಕತ್ತಲೆ, ಉಣ್ಣೆಯ ವಾಸನೆ. ಗಾಳಿಯ ಸುಳಿವೇ ಇಲ್ಲ! ಕುರಿ ಹಿಂದೆ ಹೋದಾಗ ನಮ್ಮಪ್ಪ ಬೀಡಿ ಹಚ್ಚುತ್ತಿದ್ದದ್ದು ಹೀಗೆಯೇ ಎಂದು ಥಟ್ಟನೆ ನೆನಪಾಯಿತು. ಒಣಹುಲ್ಲಿಗೆ ಕೊನೆಯ ಕಡ್ಡಿ ತಾಗಿಸಿ, ಸಗಣಿ ಕುಳ್ಳಿನ ತುಂಡು ಕೆಂಪಗೆ ಕೆಂಡವಾಗುವವರೆಗೆ ಊದಿದೆ. ಹೊರಗೆ ಬಸಮ್ಮನ ಕೂಗು: "ಏ ಕೊಟ್ರೇಶಪ್ಪಾ, ನಿಮ್ಮವ್ವನ ಮೈಯಾಗಿಂದ ಹೊಗಿ ಬರಾಕತ್ತೈತಿ ನೋಡೋ!"

ಕಂಬಳಿ ಸರಿಸಿದೆ. ಅಷ್ಟೂ ಕಡ್ಡಿಗಳನ್ನು ಆರಿಸಿದ್ದ ಗಾಳಿ ಈಗ ನನ್ನ ಕೆಂಡವನ್ನು ತಾನೇ ಊದತೊಡಗಿತು. ಗುಡ್ಡದ ಮೇಲಿನ ದೊಡ್ಡ ರೆಕ್ಕೆಗಳೆಲ್ಲ ತಿರುಗುತ್ತಿರುವುದು ನನ್ನ ಒಲೆಗಾಗಿಯೇ ಎನ್ನಿಸಿತು. ಚಹಾ ಉಕ್ಕಿ ಬಂತು. ಬಸಮ್ಮ ಬಸ್ಸು ಬಿಟ್ಟು ಇನ್ನೊಂದು ಲೋಟ ಕುಡಿದರು. "ಬಾಯಿಲ್ಲಂದ್ರೂ ಈಕಿ ಉಸುರು ದೊಡ್ಡದೈತಿ ಬಿಡು" ಎಂದರು. ನಾನು ಮಸಿ ಹತ್ತಿದ ಮುಖ ಮುಚ್ಚಿಕೊಳ್ಳುವುದನ್ನೂ ಮರೆತು ನಕ್ಕೆ.

ಅಂದಿನಿಂದ ಈ ಕಥೆಯನ್ನು ಹಾಲಿನವನಿಗೆ ಹೇಳಿದ್ದೇನೆ, ಸೊಪ್ಪಿನಾಕೆಗೆ ಹೇಳಿದ್ದೇನೆ, ದಾರಿ ಕೇಳಲು ಬಂದವರನ್ನೂ ನಿಲ್ಲಿಸಿ ಹೇಳಿದ್ದೇನೆ. ಮೊನ್ನೆ ಕೊಟ್ರೇಶ, "ಯವ್ವಾ, ಇನ್ನ ಆ ಕಂಬಳಿ ನಿನ್ನ ಬಾಯಿಗೇ ಹೊಚ್ಚಬೇಕು" ಎಂದ. ನಾಚಿಕೆಯಾಯಿತು. ಅದಕ್ಕೇ ಬಾಯಿ ಮುಚ್ಚಿಕೊಂಡು ನಿಮಗಾಗಿ ಬರೆದಿಟ್ಟಿದ್ದೇನೆ. ಬೀಗರು ಬಂದಾಗ ಸ್ವಲ್ಪ ಜೋರಾಗಿಯೇ ಓದಿರಿ. ಬಾಗಿಲ ಹಿಂದೆ ನಿಂತು ನಾನೂ ಕೇಳುತ್ತೇನೆ.