ಸರ್ವಾಧಿಕಾರಿಯ ಸಿನಿಮಾಕ್ಕೆ ನನ್ನ ಅನುವಾದ

ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವನಿಗೆ ಒಂದು ಸಿನಿಮಾ ವಿವರಿಸುವುದು ಯಾವ ಲೆಕ್ಕ? ದೂರದ ದೇಶವೊಂದರಲ್ಲಿ ಸರ್ವಾಧಿಕಾರಿ ಆಳುತ್ತಿದ್ದ ಕಾಲದ ಹೆಂಗಸರ ಕಥೆ ಅದು. ರಂಗಂಪೇಟೆಯ ನಮ್ಮ ಓಣಿಯ ಮಹಿಳೆಯರಲ್ಲಿ ಜಾಗೃತಿ ಮೂಡಿಸಲೇಬೇಕೆಂದು, ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಟಿವಿಯಲ್ಲಿ ಪ್ರದರ್ಶನ ಏರ್ಪಡಿಸಿದೆ. ಸಬ್‌ಟೈಟಲ್ ಇಂಗ್ಲಿಷಿನಲ್ಲಿತ್ತು. ಕನ್ನಡಕ್ಕೆ ನಾನಿದ್ದೆನಲ್ಲ!

ಮೊದಲ ಎಡವಟ್ಟು ಕುರ್ಚಿಗಳದ್ದು. ಇದ್ದ ಆರು ಕುರ್ಚಿಗಳಲ್ಲೂ ನನ್ನ ಸಹೋದ್ಯೋಗಿ ಮಿತ್ರರು ಕುಳಿತರು. ಹೆಂಗಸರು ಬಾಗಿಲ ಬಳಿ ಚಾಪೆಯ ಮೇಲೆ. ಸರ್ವಾಧಿಕಾರಿಯ ಪೊಲೀಸರು ತೆರೆಯ ಮೇಲೆ ಬರುವಷ್ಟರಲ್ಲಿ ಮಿತ್ರರೊಬ್ಬರು ಚಹಾ ಕೇಳಿದರು. ಅರ್ಧ ಹೆಂಗಸರು ನನ್ನ ಹೆಂಡತಿ ಶಾಂತಾಳ ಜೊತೆ ಅಡುಗೆಮನೆಗೆ ಹೋದರು. ಇನ್ನೊಬ್ಬರಿಗೆ ಮಿರ್ಚಿ ಭಜಿ ನೆನಪಾಯಿತು. ಉಳಿದರ್ಧವೂ ಹೋಯಿತು! ಮಹಿಳಾ ಜಾಗೃತಿಯ ಸಭೆಯಲ್ಲಿ ಏಳು ಗಂಡಸರು ಗಂಭೀರವಾಗಿ ಕುಳಿತು ಭಜಿ ತಿಂದೆವು.

ನಾನು ಕೂಗಿ ಕರೆದ ಮೇಲೆ ಹೆಂಗಸರು ಬಂದರು. ತೆರೆಯ ಮೇಲೆ ಒಬ್ಬಳು ಕಾಗದ ಹಿಡಿದು ಅಳುತ್ತಿದ್ದಳು.

"ಯಾಕ ಅಳಾಕತ್ತಾಳ್ರಿ ಸರ್?" ಪಕ್ಕದ ಮನೆಯ ಫಾತಿಮಾಬಿ ಕೇಳಿದರು.

ನಾನು ಎದ್ದು ನಿಂತೆ. "ನೋಡ್ರಿ, ಅಕಿಗಿ ನೌಕರಿ ಸಿಕ್ಕದ. ಆದ್ರ ಗಂಡ ಸಹಿ ಮಾಡದ ಹೊರತು ಹೋಗಂಗಿಲ್ಲ. ಆ ದೇಶದ ಕಾನೂನು. ಎಂಥಾ ಅನ್ಯಾಯ!"

"ಗಂಡ ಏನಂತಾನ್ರಿ?" ಹಿಂದಿನಿಂದ ಶಾಂತಾ ಕೇಳಿದಳು. ಕೈಗೆ ಕಡಲೆಹಿಟ್ಟು ಮೆತ್ತಿತ್ತು.

ಸಬ್‌ಟೈಟಲ್ ಓದಿ ಠೀವಿಯಿಂದ ಹೇಳಿದೆ: "ಮಕ್ಕಳು ಸಣ್ಣವು ಅದಾವ, ಮುಂದಿನ ವರ್ಷ ನೋಡೋಣ ಅಂತಾನ."

ಬಾಯಿಂದ ಹೊರಬಿದ್ದ ಮೇಲೆ ಗೊತ್ತಾಯಿತು, ಇದು ನನ್ನದೇ ಮಾತು. ಹದಿನಾರು ವರ್ಷದ ಹಿಂದೆ ಇದೇ ಓಣಿಯ ಅಂಗನವಾಡಿಗೆ ಶಾಂತಾಳ ನೇಮಕದ ಆದೇಶ ಬಂದಾಗ, ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಅಕ್ಷರಶಃ ಹೀಗೇ ಹೇಳಿದ್ದೆ. ನಮ್ಮಲ್ಲಿ ಅಂಥ ಕಾನೂನೂ ಇರಲಿಲ್ಲ!

ಶಾಂತಾ ಸಿಟ್ಟಾಗಲಿಲ್ಲ. "ಹಂಗಾರ ಆ ದೇಶದಾಗೂ ಮುಂದಿನ ವರ್ಷ ಬರಲಿಲ್ಲೇನ್ರಿ?" ಎಂದಳು.

ಫಾತಿಮಾಬಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಅನುವಾದ ಅಲ್ಲಿಗೇ ನಿಂತಿತು.

ಎಲ್ಲರೂ ಹೋದ ಮೇಲೆ ಅಡುಗೆಮನೆಗೆ ಹೋದೆ. ಅವಳು ಪಾತ್ರೆ ತೊಳೆಯುತ್ತಿದ್ದಳು. ಬಹಳ ಉದಾರವಾಗಿ ಹೇಳಿದೆ: "ಶಾಂತಾ, ಈಗರೆ ಅರ್ಜಿ ಹಾಕು. ನಂದೇನೂ ಅಭ್ಯಂತರ ಇಲ್ಲ."

"ವಯಸ್ಸು ಮೀರ್ಯದ್ರಿ," ಎಂದಳು ತಲೆ ಎತ್ತದೆ. "ಸುರಪುರಕ್ಕ ಹೋಗಿ ಆಫೀಸಿನಾಗ ಕೇಳ್ಕೊಂಡು ಬಂದಿದ್ನಿ. ಮೂರು ವರ್ಷ ಆತು. ನಿಮಗ ಹೇಳಿರಲಿಲ್ಲ."

ಹದಿನಾರು ವರ್ಷ ತಡವಾಗಿ ಒಪ್ಪಿಗೆ ಕೊಟ್ಟ ಮಹಾನುಭಾವನಾದ ನಾನು, ಏನು ಮಾಡಬೇಕೋ ತಿಳಿಯದೆ ಲೋಟ ಒರೆಸಿಡಲು ಮುಂದಾದೆ. ಒರೆಸುವ ಬಟ್ಟೆ ಎಲ್ಲಿದೆ ಎಂಬುದನ್ನೂ ಅವಳನ್ನೇ ಕೇಳಬೇಕಾಯಿತು!